ಹಳೂ ಅಂದರೆ ಎಷ್ಟು?

ನಾನು ಮಂದಿಗಿಂತ ಹೆಚ್ಚಾಗಿ ನನ್ನ ದನಿಗೇ ಹೆದರುವವಳು. ಖಾನಾಪುರದ ಬಸ್ಸಿನಲ್ಲಿ ‘ನಿಲ್ಲಿಸ್ರಿ’ ಎಂದು ಕೂಗಲಾಗದೆ, ಮುಂದಿನ ಊರಿನಲ್ಲಿ ಇಳಿದು ನಡೆದು ಬಂದದ್ದು ಎಷ್ಟು ಸಲವೋ. ಮಕ್ಕಳೇ, ಅಂಥ ನನಗೆ ನಿಮ್ಮ ಗೌರಕ್ಕನ ಕೂಸಿನ ತೊಟ್ಟಿಲ ದಿನ ಎಲ್ಲರೆದುರು ಜೋಗುಳ ಹಾಡಬೇಕೆಂಬ ಆಜ್ಞೆಯಾಯಿತು.

ನಿಮ್ಮ ಅಜ್ಜ ಹೋದ ಮೇಲೆ ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲುವುದು ನಮ್ಮ ಹಳ್ಳಿಯ ರೂಢಿ. ನನ್ನ ನಾಚಿಕೆಗೆ ಆ ರೂಢಿಯ ಸೆರಗು ಹೊದಿಸಿ, “ಮುತ್ತೈದೇರು ಹಾಡ್ಲಿ ಬಿಡ್ರಿ” ಎಂದೆ. ಗೌರಿಯ ಅತ್ತೆ, ಅಂದರೆ ನಮ್ಮ ಬೀಗತಿ, ಬಿಡುವವರಲ್ಲ.

“ನಾವು ಶರಣರ ದಾರಿಯವ್ರು. ಅಂಥಾ ಭೇದ ನಮ್ಮನ್ಯಾಗ ಇಲ್ರೀ ಅಕ್ಕಾರ. ಹಿರ್ಯಾರು ನೀವ ಹಾಡಬೇಕು.”

ಇಷ್ಟು ಒಳ್ಳೆಯ ಮಾತಿಗೆ ನಾನು ಇಷ್ಟು ಸಿಟ್ಟಾದದ್ದು ಅದೇ ಮೊದಲು.

ಆಗ ನನ್ನನ್ನು ಉಳಿಸಲು ಬಂದವಳು ಗೌರಿಯ ತಂಗಿ, ನನ್ನ ಮೊಮ್ಮಗಳು ಶೈಲಾ. ಬೆಳಗಾವಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಳು. ಕೋಟೆಯ ಹತ್ತಿರದ ಅವರ ಮನೆಗೆ, ತೊಟ್ಟಿಲು ಆಗಬೇಕಿದ್ದದ್ದೂ ಅಲ್ಲೇ, ಒಂದು ಕಂಪ್ಯೂಟರೂ ಹೊಸದಾಗಿ ಬಂದಿತ್ತು. ಧೂಳು ಬೀಳದಂತೆ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿಡುತ್ತಿದ್ದರು.

“ಆಯಿ, ನೀ ನನಗೊಬ್ಬಾಕಿಗಿ ಹಾಡಿ ತೋರ್ಸು. ನಾ ಅದಕ್ಕ ಬರದು ಕೊಡ್ತೀನಿ. ಅವತ್ತ ಅದು ಹಾಡತೈತಿ, ನೀ ಸುಮ್ನ ಕುಂದ್ರು.”

ತೊಟ್ಟಿಲಿಗೆ ವಾರ ಮೊದಲೇ ನಾನು ಬಸ್ಸು ಹತ್ತಿದೆ.

ಶೈಲಾ ಒಂದೊಂದು ಸ್ವರಕ್ಕೂ ಒಂದೊಂದು ಸಾಲು ಬರೆದಳು: ಯಾವ ಸ್ವರ, ಎಷ್ಟು ಹೊತ್ತು. ಆಮೇಲೆ ಒಂದು ಗುಂಡಿ ಒತ್ತಿದಳು. ಶಿವನೇ! ಎಲ್ಲ ಸ್ವರಗಳೂ ಒಂದೇ ಸಮನೆ ಕಿರುಚಿದವು.

“ಇದೇನ ಜೋಗುಳನೋ, ಲೋಂಡಾ ಸ್ಟೇಶನ್ನಾಗ ಗಾಡಿ ಬಂತಂತ ಸಾರೂದೋ? ಹಳೂ ಮಾಡ ನಮ್ಮವ್ವಾ.”

ಹಳೂ ಮಾಡಿದಳು. ಅದೇ ಕಿರುಚಾಟ ಈಗ ಸಾವಕಾಶವಾಗಿ ಬಂತು, ಗಾಡಿ ಘಟ್ಟ ಹತ್ತಿದಂತೆ.

“ಹಳೂ ಅಂದ್ರ ಹಳೂ!”

“ಇನ್ನೂ ಹಳೂನ?”

ಒಂದು ಸ್ವರ ಮುಗಿದು ಇನ್ನೊಂದು ಬರುವುದರೊಳಗೆ ನಾನು ಎಲೆಗೆ ಸುಣ್ಣ ಹಚ್ಚಿ ಮುಗಿಸಬಹುದಿತ್ತು.

ಆಗ ಹೊಳೆಯಿತು. ನಮ್ಮ ಕಡೆ ಕನ್ನಡದಲ್ಲೂ ಮರಾಠಿಯಲ್ಲೂ ನಿಧಾನವೂ ಹಳೂ, ಮೆತ್ತಗಿನ ದನಿಯೂ ಹಳೂ. ಬಿರುಸೂ ಜೋರು, ಗಟ್ಟಿ ದನಿಯೂ ಜೋರು. ಎತ್ತಿಗೂ ಕೂಸಿಗೂ ಈ ಎರಡೇ ಮಾತು ಹೇಳಿ ನಾವು ಸಂಸಾರ ಸಾಗಿಸಿದೆವು. ಎತ್ತಿಗೆ ಕೂಡ ತಿಳಿಯುತ್ತಿತ್ತು. ಕಂಪ್ಯೂಟರಿಗೆ ಮಾತ್ರ ವೇಗಕ್ಕೊಂದು ಅಂಕಿ, ದನಿಗೆ ಬೇರೊಂದು. ದನಿಯ ಅಂಕಿ ಸೊನ್ನೆಯಿಂದ ನೂರಾ ಇಪ್ಪತ್ತೇಳರವರೆಗಂತೆ. ನೂರಕ್ಕೇ ಯಾಕೆ ನಿಲ್ಲಲಿಲ್ಲವೆಂದು ಕೇಳಿದೆ. ಶೈಲಾ ವಿವರಿಸಿದಳು, ನಾನು ತಲೆ ಅಲ್ಲಾಡಿಸಿದೆ. ನಲವತ್ತರ ಆಚೆ ನನಗೆ ಹೇಗೂ ಕೆಲಸವಿರಲಿಲ್ಲ.

ದನಿ ಇಳಿದ ಮೇಲೂ ಸ್ವರಗಳು ರೊಟ್ಟಿ ಬಡಿದಂತೆ ಟಪ್ ಟಪ್ ಎಂದು ಬಿಡಿಬಿಡಿಯಾಗಿ ಬೀಳುತ್ತಿದ್ದವು. “ಶಾವಿಗಿ ಹೊಸದಂಗ ಇರಬೇಕವಾ, ಎಳಿ ಹರೀಬಾರ್ದು” ಎಂದೆ. ಅದಕ್ಕೂ ಅಂಕಿಯಿತ್ತು: ಸ್ವರವನ್ನು ಅದರ ಹೊತ್ತು ತೀರುವವರೆಗೆ ಹಿಡಿಯಬೇಕೋ, ಅರ್ಧಕ್ಕೇ ಬಿಡಬೇಕೋ ಎಂದು. ಎಲ್ಲವನ್ನೂ ಪೂರ್ತಿ ಹಿಡಿದಾಗ ‘ಜೋ ಜೋ’ ಎರಡೂ ಅಂಟಿಕೊಂಡು ಒಂದೇ ಉದ್ದದ ಜೋ ಆಯಿತು. ಮತ್ತೆ ನಡುವೆ ಎಳ್ಳಿನಷ್ಟು ಸಂದು ಬಿಟ್ಟೆವು. ಹೀಗೆ ಆರು ದಿನ. ಹಾಡದಿರಲೆಂದು ಹೂಡಿದ ಉಪಾಯಕ್ಕಾಗಿ ಆ ಜೋಗುಳವನ್ನು ನಾನು ನೂರು ಸಲವಾದರೂ ಹಾಡಿರಬೇಕು.

ತೊಟ್ಟಿಲ ದಿನ ಕಂಪ್ಯೂಟರ್ ಒಂದೂ ತಪ್ಪಿಲ್ಲದೆ, ಥೇಟ್ ನನ್ನ ಹಾಗೆಯೇ ಹಾಡಿತು. ಎಂದರೆ, ಯಾರಿಗೂ ಕೇಳಿಸಲಿಲ್ಲ.

“ಯಾವಾಗ ಚಾಲೂ ಮಾಡ್ತೀರವಾ?” ಎಂದು ಬೀಗತಿ ಕೇಳಿದಾಗ ಹಾಡು ಮುಗಿಯುತ್ತ ಬಂದಿತ್ತು. “ಜೋರ್ ಮಾಡ ಶೈಲಾ!” ಎಂದು ಹೆಂಗಸರೆಲ್ಲ ಕೂಗಿದರು. ಹುಡುಗಿ ಗಾಬರಿಬಿದ್ದು ದನಿಯ ಅಂಕಿಯ ಜೊತೆ ವೇಗದ ಅಂಕಿಯನ್ನೂ ಏರಿಸಿದಳು. ಜೋಗುಳ ಮದುವೆಯ ಬ್ಯಾಂಡಿನಂತೆ ಓಡಿತು. ಕೂಸು ಬೆಚ್ಚಿಬಿದ್ದು ಚೀರಿತು.

ಶೈಲಾ ಅದರ ಬಾಯಿ ಮುಚ್ಚಿಸಿದಳು, ಕಂಪ್ಯೂಟರಿನದು. ಕೂಸಿನ ಬಾಯಿ ಮುಚ್ಚುವುದು ಯಾರು? ತೊಟ್ಟಿಲಿನ ಹಗ್ಗದ ಹತ್ತಿರ ಇದ್ದವಳು ನಾನು. ಹಾಡಿದೆ. ಅದು ಚೀರಿದರೆ ನನ್ನ ದನಿಯೂ ಏರಿತು; ಬಿಕ್ಕಿದರೆ ಸ್ವರವನ್ನು ಸ್ವಲ್ಪ ಉದ್ದಕ್ಕೆ ಎಳೆದೆ; ಕಣ್ಣು ಮುಚ್ಚುತ್ತ ಬಂದಂತೆ ಇಳಿಸಿ ಇಳಿಸಿ ಸೊನ್ನೆಗೆ ತಂದೆ. ಎಷ್ಟು ಮಂದಿ ನಿಂತು ಕೇಳಿದರೋ, ನಾನು ನೋಡಲಿಲ್ಲ. ಅಂಕಿಗಳನ್ನೆಲ್ಲ ಕೂಸೇ ಹಾಕಿಕೊಡುತ್ತಿತ್ತು. ಅದರ ಮುಖದಿಂದ ಕಣ್ಣು ತೆಗೆದಿದ್ದರೆ ಲೆಕ್ಕ ತಪ್ಪುತ್ತಿತ್ತು.