ಕುದೂರಿನ ಫಾರಿನ್ ನಾಯಿ

ಬಿಡದಿಯಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ದುಭಾಷಿ. ಜಪಾನಿನಿಂದ ಬಂದ ಎಂಜಿನಿಯರುಗಳು ಹೇಳಿದ್ದನ್ನು ನಮ್ಮವರಿಗೆ ಕನ್ನಡದಲ್ಲಿ ಹೇಳುವುದು, ನಮ್ಮವರು ಗೊಣಗಿದ್ದನ್ನು ಕೊಂಚ ನಯ ಮಾಡಿ ಅವರಿಗೆ ಮುಟ್ಟಿಸುವುದು ನನ್ನ ಕೆಲಸ. ರಾಗಿ ಬೆಳೆಯುವವರ ಮಗಳಿಗೆ ಈ ಭಾಷೆ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಬೆಂಗಳೂರಿನಲ್ಲಿ ಡಿಗ್ರಿ ಓದುವಾಗ ಸಂಜೆ ತರಗತಿಗೆ ಸೇರಿಕೊಂಡೆ, ಬಂತು, ಅಷ್ಟೆ. ಆ ಭಾಷೆ ನನಗೆ ಅನ್ನ ಕೊಟ್ಟಿದೆ. ಅದರಿಂದಲೇ ನಮ್ಮ ಮನೆಗೆ ಒಂದು ನಾಯಿ ಬಂತು, ಅದೇ ನಾಯಿಯ ದೆಸೆಯಿಂದ ಅಪ್ಪನ ಒಬ್ಬಳೇ ತಂಗಿ ನಮ್ಮಿಂದ ದೂರವಾದಳು.

ನಾಯಿ ಹುಟ್ಟಿದ್ದು ಕಾರ್ಖಾನೆಯ ಕ್ಯಾಂಟೀನಿನ ಹಿಂದೆ. ನಾನು ಮಾತು ದಾಟಿಸುತ್ತಿದ್ದ ಎಂಜಿನಿಯರ್ ಹೆಂಡತಿ, ಮಗಳ ಜೊತೆ ಬಿಡದಿಯ ಹತ್ತಿರವೇ ಮನೆ ಮಾಡಿದ್ದ. ಮಗಳು ಒಮ್ಮೆ ಕಾರ್ಖಾನೆ ನೋಡಲು ಬಂದವಳು ಆ ಕಂದು ಮರಿಯನ್ನು ಎತ್ತಿಕೊಂಡಳು, ಮತ್ತೆ ಕೆಳಗಿಳಿಸಲಿಲ್ಲ. ಬೀದಿ ನಾಯಿಗೆ ಮನೆ ಸಿಕ್ಕಿತಲ್ಲ ಎಂದು ಕ್ಯಾಂಟೀನಿನವರು ನಕ್ಕರು. ನನಗೂ ಖುಷಿಯಾಗಿತ್ತು.

ಎಂಜಿನಿಯರನಿಗೆ ಜಪಾನಿಗೆ ವಾಪಸು ವರ್ಗವಾಗುವ ಸುದ್ದಿ ಬಂದಾಗ ನಾಯಿಯನ್ನು ಕರೆದೊಯ್ಯುವ ನಿಯಮಗಳನ್ನು ನನ್ನ ಕೈಗೆ ಕೊಟ್ಟ. ಅವರ ದೇಶದಲ್ಲಿ ಹುಚ್ಚುನಾಯಿ ರೋಗವೇ ಇಲ್ಲ, ನಮ್ಮಲ್ಲಿ ಇದೆ. ಹಾಗಾಗಿ ನಮ್ಮ ನಾಯಿ ಒಳಗೆ ಕಾಲಿಡಬೇಕಾದರೆ ಮೊದಲು ಅದರ ಕತ್ತಿನ ಚರ್ಮದಡಿ ಅಕ್ಕಿಕಾಳಿನ ಗಾತ್ರದ ಗುರುತಿನ ಚಿಪ್ ಕೂರಿಸಬೇಕು. ಆಮೇಲೆ, ತಿಂಗಳ ಅಂತರ ಬಿಟ್ಟು ಎರಡು ಲಸಿಕೆ. ಆಮೇಲೆ ರಕ್ತ ತೆಗೆದು, ಅವರು ಒಪ್ಪುವ ಪ್ರಯೋಗಾಲಯಕ್ಕೆ ಕಳಿಸಿ, ಲಸಿಕೆ ರಕ್ತಕ್ಕೆ ಹತ್ತಿದೆ ಎಂದು ತೋರಿಸಬೇಕು. ರಕ್ತ ತೆಗೆದ ದಿನದಿಂದ ಆರು ತಿಂಗಳು ಇಲ್ಲೇ ಕಾಯಬೇಕು. ಒಂದು ಹೆಜ್ಜೆ ತಪ್ಪಿದರೂ ಅಲ್ಲಿ ಇಳಿದ ಮೇಲೆ ತಿಂಗಳುಗಟ್ಟಲೆ ಗೂಡಿನಲ್ಲಿ ಕೂಡಿಹಾಕುತ್ತಾರೆ.

ರಾಮನಗರದ ಖಾಸಗಿ ಪಶುವೈದ್ಯರ ಬಳಿಗೆ ನಾನೇ ನಾಯಿಯನ್ನು ಕರೆದೊಯ್ದೆ. ಮೊದಲು ಚಿಪ್, ಆಮೇಲೆ ಸೂಜಿ ಎಂದು ಬಿಡಿಸಿ ಹೇಳಿದೆ. ಡಾಕ್ಟರು ಆಗಲೇ ಸೂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದರು.

"ಚಿಪ್ಪು ಮುಂದಿನ ವಾರ ಬತ್ತದೆ ಕಣಮ್ಮ. ಅಲ್ಲೀವರ್ಗೂ ಸೂಜಿ ಯಾಕೆ ನಿಲ್ಲಿಸ್ಬೇಕು? ಎರಡೂ ಹೋಗೋದು ಒಂದೇ ನಾಯಿ ಒಳಕ್ಕೆ ತಾನೆ?"

"ಇಲ್ಲ ಸಾರ್, ಚಿಪ್ಪಿಗಿಂತ ಮುಂಚೆ ಹಾಕಿದ್ದು ಲೆಕ್ಕಕ್ಕೆ ಬರಲ್ವಂತೆ" ಎನ್ನುವಷ್ಟರಲ್ಲಿ ಸೂಜಿ ಇಳಿದಿತ್ತು.

ಲೆಕ್ಕಕ್ಕೆ ಬರಲಿಲ್ಲ. ಡಾಕ್ಟರು ಕೊಟ್ಟ ಧೈರ್ಯದ ಮೇಲೆ ಮಿಕ್ಕದ್ದನ್ನೆಲ್ಲ ಮುಗಿಸಿ ಕಳಿಸಿದ ಕಾಗದಗಳನ್ನು, ಆ ಮೊದಲ ಸೂಜಿಯ ತಾರೀಖು ನೋಡಿ ಅವರ ಸರ್ಕಾರ ವಾಪಸು ಮಾಡಿತು. ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಾಯಿತು, ಅಷ್ಟರಲ್ಲಿ ಅವರು ಹೊರಡುವ ದಿನ ಹತ್ತಿರ ಬಂದಿತ್ತು. ಎಂಜಿನಿಯರ್ ಕೂಗಾಡಲಿಲ್ಲ. ಅವನು ಕೇಳಿದ್ದು ಒಂದೇ ಮಾತು: "ನೀವು ಅವರಿಗೆ ಸ್ಪಷ್ಟವಾಗಿ ಹೇಳಿದ್ದಿರಾ?" ಹೇಳಿದ್ದೆ ಎಂದೆ. ಅವನು ತಲೆದೂಗಿದ ರೀತಿಯಲ್ಲಿ ನಂಬಿಕೆ ಇರಲಿಲ್ಲ. ಆಮೇಲೆ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ, ನಿಯಮದ ಕಾಲ ಮುಗಿಯುವವರೆಗೆ ನಾಯಿಯನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೂಂ ಎಂದೆ.

ಕುದೂರಿನ ಮನೆಯಲ್ಲಿ ಅವ್ವ ಮೊದಲು ಒಪ್ಪಲಿಲ್ಲ. "ಹಸ ಕರ ನೋಡ್ಕಳದೇ ಸಾಕಾಗದೆ. ಅವರ ದೇಸದೋರು ನಮ್ಮ ನಾಯಿ ಮೂಸಿ ನೋಡಿ ಬುಟ್ಕೊಬೇಕಾ?" ಅಂದಳು. ಹುಡುಗಿ ಇಟ್ಟಿದ್ದ ಹೆಸರು ಅವಳ ನಾಲಿಗೆಯಲ್ಲಿ ಹೊರಳಲಿಲ್ಲ, ಆದ್ದರಿಂದ 'ಫಾರಿನ್ನು' ಎಂದು ಕರೆದಳು. ಬಿಡದಿಯ ಕ್ಯಾಂಟೀನಿನ ಹಿಂದೆ ಹುಟ್ಟಿದ ಕಂತ್ರಿ ನಾಯಿಯನ್ನು ಇಡೀ ಬೀದಿ ಫಾರಿನ್ ನಾಯಿ ಎನ್ನತೊಡಗಿತು.

ಅಪ್ಪ ಮಾತ್ರ ಬೇರೆಯೇ ರೀತಿ ತೆಗೆದುಕೊಂಡ. "ಇದು ಬ್ಯಾರೇರ ಸೊತ್ತು ಕಣವ್ವ. ಹೆಂಗೆ ಕೊಟ್ಟವ್ರೋ ಅಂಗೇ ವಾಪಸ್ ಕೊಡ್ಬೇಕು" ಅಂದ. ನಮ್ಮ ಕಡೆ ಗುಡ್ಡಗಳಿಂದ ಚಿರತೆ ಇಳಿಯುತ್ತದೆ, ಅದಕ್ಕೆ ಮೊದಲು ಬೇಕಾಗುವುದೇ ನಾಯಿ. ಹಾಗಾಗಿ ಹೊತ್ತು ಮುಳುಗುವ ಮುಂಚೆ ಅದನ್ನು ಒಳಗೆ ಸೇರಿಸಿ ಕದ ಹಾಕುತ್ತಿದ್ದ. ಬೀದಿ ನಾಯಿಗಳ ಜೊತೆ ಬಿಡುತ್ತಿರಲಿಲ್ಲ, ಎಲ್ಲಾದರೂ ಕಚ್ಚಿಸಿಕೊಂಡರೆ ಮತ್ತೆ ಮೊದಲಿನಿಂದ ಶುರುವಾದೀತೆಂದು. ಬೆಂಗಳೂರಿಗೆ ರಕ್ತ ತೆಗೆಸಲು ಹೋದಾಗ ದಾರಿಯುದ್ದಕ್ಕೂ ತೊಡೆಯ ಮೇಲೆ ಕೂರಿಸಿಕೊಂಡಿದ್ದ. ರಕ್ತದ ಫಲಿತಾಂಶ ಸರಿಯಾಗಿದೆ ಎಂದು ಬಂದ ದಿನ, ಮಗಳು ಪರೀಕ್ಷೆ ಪಾಸಾದ ಹಾಗೆ ಅಂಗಡಿಯಲ್ಲಿ ಹೇಳಿಕೊಂಡು ಬಂದ. ನಾಯಿಯೂ ಅವನನ್ನು ಬಿಟ್ಟಿರದ ಹಾಗಾಯಿತು. ಆದರೂ ಅವನು ಅದನ್ನು ಮುದ್ದು ಮಾಡಿದ್ದನ್ನು ನಾನು ನೋಡಲಿಲ್ಲ. "ಹೋಗೋ ಜೀವ, ಜಾಸ್ತಿ ಹಚ್ಕೋಬಾರ್ದು" ಅನ್ನುತ್ತಿದ್ದ.

ಆ ಹೊತ್ತಿಗೇ ದೊಡ್ಡಆಲಹಳ್ಳಿಯ ಅತ್ತೆಯ ಮಗಳ ಮದುವೆ ಕನಕಪುರದಲ್ಲಿ ಬಂತು. ಅತ್ತೆ ಅಪ್ಪನ ತಂಗಿ, ಮದುವೆಗೆ ಅಪ್ಪನೇ ಸೋದರಮಾವ. ಹಿಂದಿನ ದಿನ ನಮ್ಮ ಪಕ್ಕದ ಹೊಲದವರ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗಿತ್ತು. ಮನೆಯವರು, ಅಕ್ಕಪಕ್ಕದವರೆಲ್ಲ ಮದುವೆಗೆ ಹೊರಟಿದ್ದರಿಂದ ಫಾರಿನ್ನನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಒಳಗೆ ಕೂಡಿಹಾಕಿ ಬಂದಿದ್ದೆವು. ಹಿತ್ತಲ ಕದದ ಅಗುಳಿ ಸಡಿಲವಿತ್ತು ಎಂದು ಅಪ್ಪನಿಗೆ ಧಾರೆ ಮುಗಿಯುವಾಗ ನೆನಪಾಯಿತು. ಅಕ್ಷತೆ ಹಾಕಿದವನೇ ಊಟಕ್ಕೂ ಕೂರದೆ ಬಸ್ಸು ಹತ್ತಿಬಿಟ್ಟ.

ಅತ್ತೆ ಪಂಕ್ತಿಯ ನಡುವೆ ನಿಂತು ನನ್ನನ್ನು ಕೇಳಿದಳು. "ಅಣ್ಣಯ್ಯ ಎಲ್ಲವ್ವ?"

ನಿಜ ಹೇಳಿದೆ. ನಯ ಮಾಡಿ ಹೇಳಲು ಬೇರೆ ಮಾತು ಹೊಳೆಯಲಿಲ್ಲ.

"ಗಂಡಿನ ಕಡೆಯೋರ ಮುಂದೆ ನಮ್ಮಣ್ಣ ಉಣ್ಣದಂಗೆ ಎದ್ದೋದ್ನಾ? ನಾಯಿಗಿಂತ ಕಡೆಯಾಗೋದ್ನಾ ನಾನು?" ಅಷ್ಟೇ ಅವಳು ಅಂದದ್ದು. ಆಮೇಲೆ ನಮ್ಮ ಎಲೆಗಳಿಗೆ ತಾನೇ ತುಪ್ಪ ಬಡಿಸಿದಳು, ಮುಖ ಎತ್ತಲಿಲ್ಲ.

ನಾಯಿಗೆ ಏನೂ ಆಗಿರಲಿಲ್ಲ, ಅಗುಳಿಯೂ ಕಳಚಿರಲಿಲ್ಲ. ಕಾಯುವ ಕಾಲ ಮುಗಿಯುತ್ತ ಬಂತು. ಅಪ್ಪ ಚನ್ನಪಟ್ಟಣದಲ್ಲಿ ಪರಿಚಯದ ಬಡಗಿಯ ಕೈಯಲ್ಲಿ ವಿಮಾನದವರು ಹೇಳಿದ ಅಳತೆಗೆ ಮರದ ಗೂಡು ಮಾಡಿಸಿದ. ದಾರಿಯಲ್ಲಿ ಹೆದರಬಾರದೆಂದು ನಾಯಿಗೆ ಅದರೊಳಗೇ ಮಲಗುವ ಅಭ್ಯಾಸ ಮಾಡಿಸಿದ. ನಾನು ವಾರವಾರ ಫೋಟೊ ಕಳಿಸುತ್ತಿದ್ದೆ. ಮೊದಮೊದಲು ಹುಡುಗಿ ನಾಯಿಯ ಹೆಸರು ಕೂಗಿ ಧ್ವನಿ ಸಂದೇಶ ಕಳಿಸುತ್ತಿದ್ದಳು. ಬರಬರುತ್ತ ತಂದೆಯಿಂದ ಒಂದು ಸಾಲಿನ ಧನ್ಯವಾದ ಮಾತ್ರ ಬರತೊಡಗಿತು. ನಾಯಿ ಬರುವ ದಿನವನ್ನು ಅವರ ಸರ್ಕಾರಕ್ಕೆ ಮುಂಚಿತವಾಗಿ ತಿಳಿಸಬೇಕಿತ್ತು. ಯಾವ ದಿನ ಎಂದು ಕೇಳಿ ಬರೆದೆ.

ಉತ್ತರ ಉದ್ದವಾಗಿತ್ತು, ಬಹಳ ವಿನಯದ್ದು. ಹವೆ ಬೇರೆ, ಮನೆ ಚಿಕ್ಕದು, ಇಷ್ಟು ಕಾಲ ಹಳ್ಳಿಯಲ್ಲಿ ಬೆಳೆದ ನಾಯಿಗೆ ಅಲ್ಲಿ ಕಷ್ಟವಾದೀತು. ಅದರ ಸುಖವನ್ನೇ ಯೋಚಿಸಿ, ನಿಮ್ಮ ತಂದೆಯ ಬಳಿ ಇರುವುದೇ ಒಳ್ಳೆಯದೆಂದು ತೀರ್ಮಾನಿಸಿದ್ದೇವೆ. ಕೊನೆಗೊಂದು ಫೋಟೊ: ಹುಡುಗಿಯ ತೋಳಿನಲ್ಲಿ ಹತ್ತಿಯುಂಡೆಯಂಥ ಬಿಳಿ ನಾಯಿಮರಿ.

ಅಪ್ಪ ಕೊಟ್ಟಿಗೆಯಲ್ಲಿದ್ದ. ಸಂದೇಶವನ್ನು ಅವರ ವಿನಯದ ಸಮೇತ ಕನ್ನಡಕ್ಕೆ ತಂದು ಓದಿದೆ. ಅವನಿಗೆ ಅರ್ಥವಾಗಲಿಲ್ಲ.

"ಸುತ್ತಿ ಬಳಸಿ ಏಳ್ಬ್ಯಾಡ ಮಗ. ಬ್ಯಾಡ ಅಂದವ್ರಾ?"

"ಹೂಂ ಅಪ್ಪ. ಬೇರೆ ಮರಿ ತಗೊಂಡವ್ರೆ."

ಅವನು ಹಸುವಿನ ಮುಂದೆ ಹುಲ್ಲು ಹಾಕುವುದನ್ನು ಮುಗಿಸಿದ. ಕೈ ಒರೆಸಿಕೊಂಡು ಅಂದ: "ಮದ್ಲೇ ಅಂದಿದ್ರೆ ಅವತ್ತು ಕುಂತು ಉಂಡ್ಕಂಡು ಬತ್ತಿದ್ದೆ."

ಮುಂದಿನ ಭಾನುವಾರ ಇಬ್ಬರೂ ಹಣ್ಣು ಹೂವು ತೆಗೆದುಕೊಂಡು ದೊಡ್ಡಆಲಹಳ್ಳಿಗೆ ಹೋದೆವು. ಅತ್ತೆ ಜಗಲಿಯಲ್ಲೇ ಚಾಪೆ ಹಾಕಿ ನೀರು ಕೊಟ್ಟಳು. ಊಟಕ್ಕೆ ಏಳಿ ಅನ್ನಲಿಲ್ಲ. ಅಪ್ಪ ತಾನೇ ಬಾಯಿಬಿಟ್ಟು, "ಒಸಿ ಮುದ್ದೆ ಇಕ್ಕವ್ವ, ಉಂಡೇ ಹೋಯ್ತೀನಿ" ಅಂದ. ಅತ್ತೆ, "ನಿನ್ನ ನಾಯಿ ಕಾಯ್ತಿರ್ತದೆ, ಹೋಗಣ್ಣ" ಎಂದು ಒಳಗೆ ಹೋದಳು. ಆಮೇಲೆ ಹಬ್ಬಗಳು ಬಂದು ಹೋಗಿವೆ. ಅವಳು ತವರಿನ ಹೊಸಿಲು ತುಳಿದಿಲ್ಲ.

ಅಪ್ಪ ಈಗ ನಾಯಿಯನ್ನು ಹೊಲಕ್ಕೆ ಕರೆದೊಯ್ಯುತ್ತಾನೆ. ಹೊಡೆಯುವುದಿಲ್ಲ, ಊಟ ತಪ್ಪಿಸುವುದಿಲ್ಲ. ಆದರೆ ತೊಡೆ ಹತ್ತಲು ಬಂದರೆ ಸರಿಸಿಬಿಡುತ್ತಾನೆ. ಗೂಡನ್ನು ಒಡೆದು ಸೌದೆ ಮಾಡಿದ. ನಾಯಿ ಕೆಲವು ದಿನ ಆ ಜಾಗದಲ್ಲೇ ಸುತ್ತಿ ಸುತ್ತಿ ಮಲಗಿತು.

ಎಂಜಿನಿಯರನಿಗೆ ನಾನು ಉತ್ತರ ಬರೆಯಲಿಲ್ಲ. ಅವನ ಜಾಗಕ್ಕೆ ಬಂದವನಿಗೂ ನಾನೇ ದುಭಾಷಿ. ಅವನ ಹೆಂಡತಿ ಒಂದು ಬೆಕ್ಕು ಸಾಕಿದ್ದಾಳೆ. ಈಚೆಗೆ ಊಟದ ಬಿಡುವಿನಲ್ಲಿ ಅವನು, ಬೆಕ್ಕನ್ನು ದೇಶಕ್ಕೆ ಒಯ್ಯುವ ನಿಯಮಗಳು ನಿಮಗೆ ಚೆನ್ನಾಗಿ ಗೊತ್ತಂತಲ್ಲ, ಕಾಯುವ ಅವಧಿಯಲ್ಲಿ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಕೇಳಿದ. ಆಗುವುದಿಲ್ಲ ಎಂದು ನೇರವಾಗಿ ಹೇಳದೆ ತಿಳಿಸುವುದಕ್ಕೆ ಆ ಭಾಷೆಯಲ್ಲಿ ಎಷ್ಟೋ ದಾರಿಗಳಿವೆ. ನಾನು ನೇರವಾಗಿಯೇ, ಆಗುವುದಿಲ್ಲ ಎಂದೆ. ಅವನ ಚಮಚ ಅರ್ಧದಲ್ಲಿ ನಿಂತಿತು. ಸಂಜೆ ಮ್ಯಾನೇಜರು ನನ್ನನ್ನು ಕರೆದು, ಮಾತಿನಲ್ಲಿ ಕೊಂಚ ನಯವಿರಲಿ ಎಂದು ಬುದ್ಧಿ ಹೇಳಿದರು.