ಹಾಡಿಗೆ ಮುಂಚಿನದು

ನನ್ನ ಭಾವ ಬದುಕೆಲ್ಲ ಬೇರೆಯವರ ಹಾಡನ್ನು ಟೇಪಿಗೆ ಹಿಡಿದವರು. ಮನೆಯ ಕೆಳಗಿನ ಕೋಣೆಯೇ ಅವರ ಸ್ಟುಡಿಯೋ. ಕಿಟಕಿಯಿಲ್ಲ, ಗೋಡೆಗೆಲ್ಲ ಸ್ಪಂಜು, ಒಳಗೆ ಕಾಲಿಟ್ಟರೆ ಒದ್ದೆ ಗೋಣಿಚೀಲದ ವಾಸನೆ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತೆಂದರೆ ಮೇಲಿನ ಮನೆಯಲ್ಲಿ ಮಿಕ್ಸಿ ತಿರುಗಬಾರದು, ನಲ್ಲಿ ಬಿಡಬಾರದು, ಸೀನು ಬಂದರೂ ನುಂಗಿಕೊಳ್ಳಬೇಕು. ಅಲ್ಲಿ ಡ್ರಮ್ಸ್ ಬಾರಿಸಲು ಹೋಗುತ್ತಿದ್ದ ನನ್ನನ್ನೇ ಒಮ್ಮೆ, "ನಿನ್ನ ಹೊಟ್ಟೆ ಗುರುಗುಟ್ತಾ ಇದೆ, ಏನಾದ್ರೂ ತಿಂದು ಬಾ ಹೋಗು" ಎಂದು ಆಚೆಗೆ ಅಟ್ಟಿದ್ದರು.

ಇಂಥ ಮನುಷ್ಯ ಒಂದೇ ಒಂದು ಸದ್ದನ್ನು ಸಹಿಸಿಕೊಂಡಿದ್ದರು. ಅದು ನನ್ನ ಅಕ್ಕನ ಉಬ್ಬಸ. ಯಾರೂ ಬಾಗಿಲು ತಳ್ಳಿ ನುಗ್ಗದಂತೆ ನೋಡಿಕೊಳ್ಳಲು ಅವಳು ಒಳಗೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಹಾಡಿಗೆ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ, ಬರೀ ಕೋಣೆಯ ಸದ್ದನ್ನು ಸ್ವಲ್ಪ ಹೊತ್ತು ಟೇಪಿಗೆ ಹಿಡಿಯುವುದು ಆ ಕಸುಬಿನವರ ರೂಢಿ. ಆಮೇಲೆ ಹಾಡನ್ನು ಎಲ್ಲಾದರೂ ಕತ್ತರಿಸಿದರೆ ತೇಪೆ ಹಾಕಲು ಅದು ಬೇಕು. ಆ ಮೌನದಲ್ಲೆಲ್ಲ ಅಕ್ಕನ ಉಸಿರು ಸಣ್ಣಗೆ ಸುಯ್ಯೆನ್ನುತ್ತಿತ್ತು. "ಮೇಡಂನ ಆಚೆ ಕೂರಿಸ್ಬಾರ್ದಾ ಸಾರ್?" ಎಂದು ಹಾಡುವವನೊಬ್ಬ ಗೊಣಗಿದಾಗ ಭಾವ, "ಬೇಕಾದ್ರೆ ನೀನು ಆಚೆ ಹೋಗು" ಎಂದಿದ್ದರು.

ಎಲ್ಲರನ್ನೂ ಫೋನಿನಲ್ಲಿ ಹಿಡಿದಿಡುವ ಕಾಲ ಬರುವ ಮೊದಲೇ ಅಕ್ಕ ಹೋದಳು. ಫೋಟೋಗಳಿದ್ದವು. ಅವಳ ಸದ್ದು ಅಂತ ಉಳಿದದ್ದು ಆ ಟೇಪುಗಳಲ್ಲಿ ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ಭಾವ ಕೆಳಗಿಳಿದು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ಹಾಡು ಶುರುವಾದ ಕೂಡಲೇ ನಿಲ್ಲಿಸಿ ಇನ್ನೊಂದು ಟೇಪು ಹಾಕುತ್ತಿದ್ದರು.

ಇನ್ನು ಅವರ ಅಳಿಯ, ಅಕ್ಕ ಹೋದ ಮೇಲೆ ಮಗಳನ್ನು ಮದುವೆಯಾದವನು. ಈ ಮಹಾಶಯ ಸೋಫಾದ ಮೇಲೆ ಕಾಲು ಚಾಚಿ, ಚಿಪ್ಸ್ ತಿಂದ ಜಿಡ್ಡು ಬೆರಳಿನಲ್ಲಿ ಫೋನ್ ಸವರಿ ಸಂಗೀತ ಮಾಡುವವನು. ಇಲ್ಲಿ ಒತ್ತಿದರೆ ಪಿಟೀಲು, ಅಲ್ಲಿ ಒತ್ತಿದರೆ ನನ್ನ ಡ್ರಮ್ಸು. ಫೋನಿನಲ್ಲಿ ಒಳ್ಳೆಯ ಹಾಡು ಹುಟ್ಟಬಾರದೆಂದೇನಿಲ್ಲ. ಇವನದನ್ನು ಕೇಳಿದರೆ ಮಾತ್ರ ಯಾರದೋ ಹಲ್ಲುಜ್ಜುವ ಬ್ರಷ್ಷನ್ನು ಬಾಯಿಗಿಟ್ಟುಕೊಂಡಂತೆ ಆಗುತ್ತಿತ್ತು.

ಟೇಪುಗಳಿಗೆ ಬೂಷ್ಟು ಹಿಡಿಯತೊಡಗಿತು. "ಎಲ್ಲಾ ಫೋನಿಗೆ ಹಾಕ್ಕೊಡ್ತೀನಿ ಮಾವ, ಈ ಡಬ್ಬಾ ಮಿಷನ್ ಇನ್ನೂ ಯಾಕೆ?" ಎಂದ ಅಳಿಯ. ಭಾವನಿಗೆ ಒಪ್ಪದೆ ವಿಧಿಯಿರಲಿಲ್ಲ. "ಹಾಡು ಬಿಟ್ಟುಹೋದ್ರೂ ಪರವಾಗಿಲ್ಲ, ಹಾಡಿಗೆ ಮುಂಚಿಂದು ಬಿಡ್ಬೇಡಪ್ಪ" ಎಂದು ನನ್ನೆದುರಿಗೇ ಹೇಳಿದರು. ಅವನು ತಲೆ ಎತ್ತದೆ "ಹೂಂ ಹೂಂ" ಎಂದ. ಆ ಹೂಂಕಾರ ನೆನೆದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ಒಂದು ಭಾನುವಾರ ಬಂದು ಫೋನನ್ನು ಭಾವನ ಕೈಗಿತ್ತ. ಒತ್ತಿದರು, ತಟ್ಟನೆ ಹಾಡು. ಇನ್ನೊಂದು ಒತ್ತಿದರು, ಅದೂ ತಟ್ಟನೆ ಹಾಡು.

"ಮುಂಚಿಂದು ಎಲ್ಲಪ್ಪ?"

"ಅದು ಖಾಲಿ ಅಲ್ವಾ ಮಾವ! ಖಾಲಿ ಜಾಗ, ಸುಯ್ ಸುಯ್ ಅನ್ನೋ ಗಲೀಜು, ಎಲ್ಲಾನೂ ಆ್ಯಪೇ ಹುಡುಕಿ ತೆಗೆದುಬಿಡುತ್ತೆ. ಎಷ್ಟು ಕ್ಲೀನಾಗಿದೆ ಕೇಳಿ."

"ಟೇಪುಗಳು?"

"ಕಸದ ಗಾಡಿಗೆ ಹಾಕ್ದೆ. ಬೂಷ್ಟು, ಥೂ!"

ಥೂ ಎಂದವನು ಅವನು! ಉಗಿಯಬೇಕಾಗಿದ್ದ ನನ್ನ ಬಾಯಿ ಒಣಗಿಹೋಗಿತ್ತು. "ಅಳಿಯಂದ್ರೇ, ಆ ಗಲೀಜು ನಿಮ್ಮತ್ತೆ ಉಸಿರು ಕಣ್ರೀ" ಎಂದೆ.

ಅವನ ಮುಖ ಅರೆಗಳಿಗೆ ಬಿಳಿಚಿಕೊಂಡಿತು. ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಫೋನ್ ಇಸಿದುಕೊಂಡು ಮತ್ತೆ ಸವರತೊಡಗಿದ. ಅಕ್ಕನನ್ನು ಕಣ್ಣಲ್ಲೂ ಕಾಣದವನು ಕೇಳಿದ, "ಅತ್ತೆ ದನಿ ಹೇಗಿತ್ತು ಹೇಳಿ ಮಾವ, ಸಣ್ಣಗಿತ್ತಾ, ದಪ್ಪಗಿತ್ತಾ? ಆ್ಯಪಲ್ಲೇ ಮಾಡ್ಕೊಡ್ತೀನಿ. ಒಂದು ಹಾಡೇ ಹಾಡಿಸೋಣ."

ಭಾವ ಕೂಗಾಡಲಿಲ್ಲ. "ಅವಳು ಹಾಡ್ತಿರ್ಲಿಲ್ಲಪ್ಪ. ಸುಮ್ನೆ ಕೂತಿರ್ತಿದ್ದಳು" ಎಂದರು.

ಅಳಿಯ ಫೋನಿನಲ್ಲಿ ಅತ್ತಿತ್ತ ಹುಡುಕಿದ.

"ಸುಮ್ನೆ ಕೂತಿರೋದು ಇದ್ರಲ್ಲಿ ಇಲ್ವಲ್ಲ ಮಾವ" ಎಂದ.