ತಮಿಳಿನಲ್ಲಿ ಖಳ, ಕನ್ನಡದಲ್ಲಿ ಬೀಗ

ಭಕ್ತಿ ಚಿತ್ರದಲ್ಲಿ ಋಷಿ, ಕಾಮಿಡಿಯಲ್ಲಿ ಹೆಂಡತಿ ಕೈಲಿ ಒದೆ ತಿನ್ನುವ ಗಂಡ, ದೆವ್ವದ ಚಿತ್ರದಲ್ಲಿ ಹೆಣ: ನಾನು ಮಾಡದ ಪಾತ್ರವೇ ಇಲ್ಲ. ನಾನು ಹೆಣವಾಗಿ ಮಲಗಿದ್ದು ನೋಡಿ ನಿಜವಾದ ಹೆಣಗಳೇ ನಾಚಿಕೊಂಡವಂತೆ! ಆದರೆ ಮಗನಿಗೆ ಹೆಣ್ಣು ನೋಡಲು ತಮಿಳುನಾಡಿನ ಕುನ್ನತ್ತೂರಿನ ಕನ್ನಡಿಗರೊಬ್ಬರ ಮನೆಗೆ ಹೋದಾಗ, ಹುಡುಗಿಯ ಅಜ್ಜಿಗೆ ನೆನಪಾದದ್ದು ನನ್ನ ತಮಿಳು ಧಾರಾವಾಹಿಯ ಮಾವನ ಪಾತ್ರವೊಂದೇ.

"ತುಂಬು ಬಸುರಿ ಸೊಸೇನ ಬೀದಿಗೆ ತಳ್ಳಿದೋನು ನೀನೇ ತಾನೆ? ಹೆಣ್ಣು ಕೊಡಲ್ಲ, ಎದ್ದೇಳು!"

ಮಗನ ಮುಖ ಬಾಡಿತು. ನಾನು ಕೈಲಿದ್ದ ಬಜ್ಜಿಯನ್ನು ತಟ್ಟೆಗಿಟ್ಟೆ.

"ಅದು ನಟನೆ, ಅವ್ವಾ!" ಎಂದು ಕೈಮುಗಿದೆ.

ಅಜ್ಜಿ ದಿಟ್ಟಿಸಿ ನೋಡಿದರು. "ಅವಳನ್ನ ಬೈದಿದ್ದೆಲ್ಲ ತಮಿಳಲ್ಲಿ. ಮನೇಲಿ ಏನು ಮಾತಾಡ್ತೀಯ?"

"ನಿಮ್ಮ ಹಾಗೇ ಕನ್ನಡ, ಅವ್ವಾ. ತಮಿಳೆಲ್ಲ ಹೊಸ್ತಿಲಾಚೆಗೆ."

"ಹಂಗಾದ್ರೆ ಆ ಕೆಟ್ಟೋನೂ ಹೊಸ್ತಿಲಾಚೆಗೇ ಇರಲಿ. ಮನೆಯೊಳಗೆ ನಿನ್ನ ಬಾಯಲ್ಲಿ ಒಂದು ತಮಿಳು ಮಾತು ಬಂತೋ, ನಮ್ಮ ಹುಡುಗೀನ ಕರಕೊಂಡು ಬಂದ್ಬಿಡ್ತೀನಿ!"

ಮದುವೆಯಾಯಿತು. ಸೊಸೆಯನ್ನು ಬೀದಿಗೆ ತಳ್ಳಿದ ಈ ಮಹಾನಟ ಈಗ ತಮಿಳು ಡೈಲಾಗ್ ಉರು ಹೊಡೆಯಲು ದಿನಾ ತಾನೇ ಬೀದಿಯಲ್ಲಿ ನಿಲ್ಲುತ್ತಾನೆ. ನಾಯಿಗಳು ಮಾತ್ರ ಇವತ್ತಿಗೂ ನನ್ನ ಪ್ರತಿಭೆಗೆ ಬಾಲ ಮುದುರುತ್ತವೆ.